ಅತ್ತೆಯ ಟ್ರಂಕಿನ ಐದು ಲಿಪ್‌ಸ್ಟಿಕ್: ಅಗ್ಗದ ಕೆಂಪಿನ ಒಂದು ಚರಿತ್ರೆ

ಈಗ ನಿಮಗೆ ಕೇಳಿಸಿದ ‘ಟಕ್’ ಅನ್ನೋ ಸದ್ದು ಒಂದು ಲಿಪ್‌ಸ್ಟಿಕ್‌ನ ಮುಚ್ಚಳ ತೆಗೆದದ್ದು. ನನ್ನ ಮುಂದೆ ಮೇಜಿನ ಮೇಲೆ ಇಂಥವು ಐದಿವೆ. ಯಾವುದೂ ದುಬಾರಿ ಮಾಲಲ್ಲ. ಬಳೆ ಅಂಗಡಿಯಲ್ಲೋ, ಬಸ್ ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲೋ, ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲೋ ಸಿಗುವಂಥವು. ಎರಡರ ಮೇಲಿನ ಹೆಸರು ಪೂರ್ತಿ ಅಳಿಸಿಹೋಗಿದೆ. ಒಂದರ ಮುಚ್ಚಳ ಬಿರುಕು ಬಿಟ್ಟು, ಅದಕ್ಕೆ ಸೆಲ್ಲೋಟೇಪ್ ಸುತ್ತಿದೆ.

ಇವು ನನ್ನ ಸೋದರತ್ತೆಯವು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ, ಹಾಸನದ ಮನೆಯಲ್ಲಿ ಅವರ ಟ್ರಂಕು ತೆಗೆದಾಗ ಸಿಕ್ಕವು. ಸೀರೆಗಳ ಕೆಳಗೆ, ಪಿಂಚಣಿ ಕಾಗದಗಳ ಜೊತೆ, ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದವು. ನೋಡಿದ ಕೂಡಲೇ ನನಗೆ ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯ್ತು. ಆ ಮಧ್ಯಾಹ್ನದ ವಿಷಯಕ್ಕೆ ಆಮೇಲೆ ಬರ್ತೀನಿ. ಅದನ್ನ ಹೇಳೋದು ನನಗೆ ಅಷ್ಟು ಸುಲಭವಲ್ಲ.

ಈ ಐದರ ಬಣ್ಣಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡ್ತಾ ಕೂತಾಗ ಒಂದು ಪ್ರಶ್ನೆ ಬಂತು. ಅಗ್ಗದ ಲಿಪ್‌ಸ್ಟಿಕ್‌ನಲ್ಲಿ ಇಂಥ ಬಣ್ಣ ಇರಬೇಕು, ಇಂಥದ್ದು ಬೇಡ ಅಂತ ತೀರ್ಮಾನ ಮಾಡಿದ್ದು ಯಾರು? ಯಾರ ತುಟಿಯನ್ನ ಮನಸ್ಸಲ್ಲಿಟ್ಟುಕೊಂಡು? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ತುಟಿಗೆ ಬಣ್ಣ ಹಚ್ಚೋದು ಪರದೇಶದಿಂದ ಬಂದ ಚಾಳಿ ಅಂತ ನಮ್ಮ ಮನೆಗಳಲ್ಲಿ ಹೇಳ್ತಿದ್ದರು. ನಮ್ಮಜ್ಜಿಯಂತೂ ಪ್ರಮಾಣ ಮಾಡಿ ಹೇಳ್ತಿದ್ದರು. ಆದರೆ ವಾತ್ಸ್ಯಾಯನನ ಕಾಮಸೂತ್ರ ತೆಗೆದರೆ, ಅದರ ಮೊದಲ ಭಾಗದಲ್ಲೇ ಪಟ್ಟಣದ ಒಬ್ಬ ರಸಿಕ ಬೆಳಿಗ್ಗೆ ಹೇಗೆ ತಯಾರಾಗ್ತಾನೆ ಅನ್ನೋ ವರ್ಣನೆ ಇದೆ. ಅವನು ತುಟಿಗೆ ಜೇನುಮೇಣವನ್ನೂ ಅಲತೆಯ ಕೆಂಪನ್ನೂ ಹಚ್ಚುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ, ತಾಂಬೂಲ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾನೆ. ಅಲತೆ ಅಂದ್ರೆ ಅರಗಿನ ಹುಳುವಿನಿಂದ ತೆಗೆದ ಕೆಂಪು. ಮೇಣ ಪ್ಲಸ್ ಬಣ್ಣ. ಇವತ್ತಿನ ಲಿಪ್‌ಸ್ಟಿಕ್‌ನ ಮೂಲ ಸೂತ್ರವೂ ಇದೇ. ಇನ್ನೊಂದು ಗಮನಿಸಿ: ಹಚ್ಚುತ್ತಿದ್ದವನು ಗಂಡಸು.

ಮೇಣ, ಅಲತೆ ಎಲ್ಲ ಉಳ್ಳವರ ಸಂಗತಿ ಆಯ್ತು. ಬಡವರ ತುಟಿಗೆ ಕೆಂಪು ಕೊಟ್ಟಿದ್ದು ಎಲೆ ಅಡಿಕೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲವನ್ನ ರಾಜಭೋಗಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಆದರೆ ಅದು ಅರಮನೆಯಲ್ಲಷ್ಟೇ ಉಳಿಯಲಿಲ್ಲ. ಗದ್ದೆ ಬದುವಿನಲ್ಲಿ ಕೂತ ಹೆಂಗಸಿನ ಸೊಂಟದ ಚೀಲದಲ್ಲೂ ಇತ್ತು. ಅದರ ಕೆಂಪು ಎಲೆಯಿಂದ ಬರೋದಲ್ಲ. ಅಡಿಕೆಯ ಒಗರು, ಕಾಚು, ಸುಣ್ಣ ಬಾಯಲ್ಲಿ ಸೇರಿ ಆಗುವ ಕೆಂಪು ಅದು.

ಸುಣ್ಣ ತಾಗಿದ ಕೂಡಲೇ ಬಣ್ಣ ಬದಲಾಗೋದು ನಮಗೆ ಹೊಸದಲ್ಲ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತೆ. ಅದೇ ಅರಿಶಿನ, ಅದೇ ಸುಣ್ಣದ ಗುಣದಿಂದ ಕುಂಕುಮವೂ ಆಗುತ್ತೆ. ಹಳದಿ ಕೆಂಪಾಗುವ ಈ ಆಟವನ್ನ ನೆನಪಿಟ್ಟುಕೊಳ್ಳಿ. ಯಾಕಂದ್ರೆ ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಅಗ್ಗದ ಲಿಪ್‌ಸ್ಟಿಕ್ ಮನೆಮನೆಗೆ ಹೋಗಿದ್ದರಲ್ಲಿ ಇಂಥದ್ದೇ ಒಂದು ಆಟದ ಪಾಲಿದೆ.

ಅಮೆರಿಕದ ಕಥೆಗೆ ಬರೋಣ. 19ನೇ ಶತಮಾನದ ಕೊನೆಗೆ ಪ್ಯಾರಿಸ್‌ನ ಸುಗಂಧ ವ್ಯಾಪಾರಿಗಳು ತುಟಿಬಣ್ಣ ಮಾರುತ್ತಿದ್ದರು. ಪ್ರಾಣಿಯ ಕೊಬ್ಬು, ಹರಳೆಣ್ಣೆ, ಜೇನುಮೇಣ ಸೇರಿಸಿ ಮಾಡಿದ ಕಡ್ಡಿ, ಮೇಲೊಂದು ಕಾಗದದ ಸುತ್ತು. ಅದನ್ನ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡೋಕೆ ಆಗುತ್ತಿರಲಿಲ್ಲ. ಬಿಸಿಲಿಗೆ ಕರಗುತ್ತಿತ್ತು, ಬಟ್ಟೆಗೆ ಹತ್ತುತ್ತಿತ್ತು. 1915ರ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಲೋಹದ ಕೊಳವೆಯೊಳಗೆ ಲಿಪ್‌ಸ್ಟಿಕ್ ಇಟ್ಟು, ಪಕ್ಕದ ಸಣ್ಣ ಹಿಡಿಯಿಂದ ಮೇಲಕ್ಕೆ ತಳ್ಳುವ ವ್ಯವಸ್ಥೆ ಬಂತು. ಅದನ್ನ ತಯಾರಿಸಿದ ಸ್ಕೋವಿಲ್ ಕಂಪನಿ ಹಿತ್ತಾಳೆ ಸಾಮಾನಿಗೆ ಹೆಸರಾದದ್ದು. ತೋಟಾಗಳ ಕವಚವನ್ನೂ ಮಾಡುತ್ತಿತ್ತು. ಲಿಪ್‌ಸ್ಟಿಕ್‌ನ ಆಕಾರ ತೋಟಾದ ಹಾಗೆ ಯಾಕಿದೆ ಅಂತ ಯಾರಾದರೂ ಕೇಳಿದರೆ ಇದನ್ನೂ ಒಮ್ಮೆ ನೆನಪು ಮಾಡಿಕೊಳ್ಳಬಹುದು. 1923ರಲ್ಲಿ ನ್ಯಾಶ್‌ವಿಲ್‌ನ ಜೇಮ್ಸ್ ಬ್ರೂಸ್ ಮೇಸನ್ ಜೂನಿಯರ್ ತಿರುಗಿಸಿದರೆ ಮೇಲೆ ಬರುವ ಕೊಳವೆಗೆ ಪೇಟೆಂಟ್ ಪಡೆದ. ಇವತ್ತಿಗೂ ನಾವು ತಿರುಗಿಸ್ತಿರೋದು ಹೆಚ್ಚುಕಡಿಮೆ ಅದನ್ನೇ.

ಕೊಳವೆ ಬಂದ ಮೇಲೆ ಬೆಲೆ ಇಳೀತು. ಅಲ್ಲಿನ ಡ್ರಗ್‌ಸ್ಟೋರ್ ಅಂದ್ರೆ ಬರೀ ಔಷಧಿ ಅಂಗಡಿ ಅಲ್ಲ. ಸೋಪು, ಬಾಚಣಿಗೆ, ಸೋಡಾ ಎಲ್ಲ ಸಿಗುವ ಜಾಗ. ಅದರ ಜೊತೆಗೆ ವೂಲ್‌ವರ್ತ್‌ನಂಥ ಹತ್ತು ಸೆಂಟಿನ ಅಂಗಡಿಗಳು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿ, ಸಂಬಳ ಅರ್ಧವಾದ ಮನೆಗಳ ಹುಡುಗಿಯರೂ 10 ಸೆಂಟು ಕೊಟ್ಟು ಒಂದು ಪುಟಾಣಿ ಲಿಪ್‌ಸ್ಟಿಕ್ ತಗೊಳ್ಳಬಹುದಿತ್ತು.

ಆದರೆ ತಗೊಂಡರೆ ಸಾಕೇ? ಹಚ್ಚಿಕೊಂಡು ಮನೆಗೆ ಹೋಗಬೇಕಲ್ಲ! ಅಲ್ಲೂ ಅಜ್ಜಿಯಂದಿರಿದ್ದರು, ಅಲ್ಲೂ ಅಪ್ಪಂದಿರಿದ್ದರು. ತುಟಿ ಕೆಂಪು ಮಾಡಿಕೊಂಡವಳು ನಾಟಕದವಳು ಅಥವಾ ಇನ್ನೂ ಕೆಟ್ಟವಳು ಅನ್ನೋ ಮಾತು ಅಲ್ಲೂ ಇತ್ತು. ಆ ಹುಡುಗಿಯರಿಗಾಗಿ ಬಂದದ್ದು ‘ಟ್ಯಾಂಜೀ’ ಅನ್ನೋ ಲಿಪ್‌ಸ್ಟಿಕ್. ಕೊಳವೆಯಲ್ಲಿ ನೋಡಿದರೆ ಕಿತ್ತಳೆ ಹಣ್ಣಿನ ಬಣ್ಣ. ಹೆಸರು ಕೂಡ ಟ್ಯಾಂಜರೀನ್ ಅನ್ನೋ ಕಿತ್ತಳೆ ಜಾತಿಯಿಂದಲೇ ಬಂದದ್ದು. ತುಟಿಗೆ ಹಚ್ಚಿದ ಸ್ವಲ್ಪ ಹೊತ್ತಿಗೆ ಅದು ಗುಲಾಬಿಗೆ ತಿರುಗುತ್ತಿತ್ತು. ಅದರೊಳಗೆ ಇದ್ದದ್ದು ಬ್ರೋಮೋ ಆಸಿಡ್ ಅಂತ ಕರೆಯುವ ಬಣ್ಣ. ಚರ್ಮಕ್ಕೆ ತಾಗಿದ ಮೇಲೆ ಬಣ್ಣ ಬದಲಿಸಿ, ಚರ್ಮಕ್ಕೇ ಅಂಟಿಕೊಳ್ಳುವಂಥದ್ದು. ನಮ್ಮ ಓಕುಳಿಯ ಹಾಗೇ. ರಾಸಾಯನಿಕ ಬೇರೆ, ಬೆರಗು ಒಂದೇ. ಬಳಿದುಕೊಂಡ ಹಾಗೆ ಕಾಣಲ್ಲ, ನಿಮ್ಮ ತುಟಿಯದೇ ಬಣ್ಣ ಅನ್ನಿಸುತ್ತೆ ಅನ್ನೋದು ಟ್ಯಾಂಜೀ ಜಾಹೀರಾತುಗಳ ಮುಖ್ಯ ವಾದ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಅಗ್ಗದ ಲಿಪ್‌ಸ್ಟಿಕ್‌ನ ಚರಿತ್ರೆಯಲ್ಲಿ ಎರಡು ಬಗೆಯ ಬಣ್ಣ ಜೊತೆಜೊತೆಗೇ ಬೆಳೆದಿವೆ. ಒಂದು, ಎಲ್ಲರೂ ನೋಡಲಿ ಅನ್ನೋ ಬಣ್ಣ. ಇನ್ನೊಂದು, ಹಚ್ಚಿದ್ದು ಯಾರಿಗೂ ಗೊತ್ತಾಗದಿರಲಿ ಅನ್ನೋ ಬಣ್ಣ. ಎರಡನೆಯದಕ್ಕೆ ‘ನ್ಯಾಚುರಲ್’ ಅಂತ ಹೆಸರು ಬಂತು. ನ್ಯಾಚುರಲ್ ಅಂದ್ರೆ ಸಹಜ. ಯಾರಿಗೆ ಸಹಜ ಅನ್ನೋ ಪ್ರಶ್ನೆಯನ್ನ ತುಂಬಾ ವರ್ಷ ಯಾರೂ ಕೇಳಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಆ ಬ್ರೋಮೋ ಆಸಿಡ್ ಬಣ್ಣ ನೀರಲ್ಲಿ ಚೆನ್ನಾಗಿ ಕರಗಲ್ಲ, ಖನಿಜ ಎಣ್ಣೆಯಲ್ಲೂ ಕರಗಲ್ಲ. ಅದನ್ನ ಕರಗಿಸಿಕೊಳ್ಳುತ್ತಿದ್ದದ್ದು ಹರಳೆಣ್ಣೆ. ದಪ್ಪಗಿರುತ್ತೆ, ಹೊಳಪಿರುತ್ತೆ, ಬೇಗ ಹರಿದುಹೋಗಲ್ಲ. ಹಾಗಾಗಿ ಲಿಪ್‌ಸ್ಟಿಕ್‌ನಲ್ಲಿ ಅದರ ಪಾಲು ದೊಡ್ಡದು. ಹರಳು ಬೆಳೆಯೋದರಲ್ಲಿ ಇವತ್ತಿಗೂ ಭಾರತವೇ ಜಗತ್ತಿಗೆ ಮೊದಲು, ಅದರಲ್ಲೂ ಗುಜರಾತು. ನಮ್ಮಜ್ಜಿ ನೆತ್ತಿಗೆ ತಟ್ಟುತ್ತಿದ್ದ, ದೀಪದ ಕುಡಿಯಿಂದ ಕಾಡಿಗೆ ಹಿಡಿಯುತ್ತಿದ್ದ ಅದೇ ಹರಳೆಣ್ಣೆ, ಅವರು ಪರದೇಶದ ಚಾಳಿ ಅಂತ ಬೈಯುತ್ತಿದ್ದ ವಸ್ತುವಿನ ಹೊಟ್ಟೆಯೊಳಗೇ ಇತ್ತು.

ಎರಡನೇ ಮಹಾಯುದ್ಧ ಮುಗೀತು. ಹೇಝಲ್ ಬಿಷಪ್ ಅನ್ನೋ ರಸಾಯನಶಾಸ್ತ್ರಜ್ಞೆ, ಯುದ್ಧದ ಕಾಲದಲ್ಲಿ ವಿಮಾನದ ಇಂಧನದ ಮೇಲೆ ಕೆಲಸ ಮಾಡಿದವರು, ಮನೆಯ ಅಡುಗೆಮನೆಯಲ್ಲೇ ನೂರಾರು ಸಲ ಪ್ರಯೋಗ ಮಾಡಿ ಬೇಗ ಅಳಿಸದ ಲಿಪ್‌ಸ್ಟಿಕ್ ಒಂದನ್ನ ಕಂಡುಹಿಡಿದರು. 1950ರಲ್ಲಿ ಅದು ಮಾರುಕಟ್ಟೆಗೆ ಬಂತು. ಬೆಲೆ 1 ಡಾಲರ್. ಲೋಟದ ಅಂಚಿಗೆ, ಕರವಸ್ತ್ರಕ್ಕೆ ಹತ್ತದ ಲಿಪ್‌ಸ್ಟಿಕ್. ಜನ ಮುಗಿಬಿದ್ದರು. ಕೊನೆಗೆ ಕಂಪನಿಯ ಹೆಚ್ಚಿನ ಷೇರು ಹಿಡಿದವರ ಜೊತೆ ವ್ಯಾಜ್ಯವಾಗಿ, ತನ್ನದೇ ಹೆಸರಿನ ಕಂಪನಿಯಿಂದ ಆಕೆ ಹೊರಬರಬೇಕಾಯ್ತು. ಅದು ಬೇರೆಯದೇ ಸಂಚಿಕೆಗೆ ಆಗುವ ಕಥೆ.

1952ರಲ್ಲಿ ರೆವ್ಲಾನ್ ಕಂಪನಿ ‘ಫೈರ್ ಅಂಡ್ ಐಸ್’ ಅನ್ನೋ ಕಡುಗೆಂಪನ್ನ ಬಿಟ್ಟಿತು. ಜಾಹೀರಾತಿನಲ್ಲಿ ಓದುಗ ಹೆಂಗಸರಿಗೆ ಒಂದು ಸಾಲು ತುಂಟ ಪ್ರಶ್ನೆಗಳು. ‘ನೋಡಲಿ’ ಅನ್ನೋ ಬಣ್ಣದ ಪಕ್ಷ ಗೆದ್ದ ಕಾಲ ಅದು. ಅದೇ 1952ರಲ್ಲಿ ಮುಂಬೈಯಲ್ಲಿ ಇನ್ನೊಂದು ಹುಟ್ಟಿತು: ಲ್ಯಾಕ್ಮೆ.

ಸ್ವಾತಂತ್ರ್ಯ ಬಂದು ಐದು ವರ್ಷ. ವಿದೇಶಿ ವಿನಿಮಯ ಉಳಿಸಬೇಕಿದ್ದ ಸರ್ಕಾರಕ್ಕೆ ಹೊರಗಿನ ಸೌಂದರ್ಯವರ್ಧಕಗಳಿಗೆ ಡಾಲರ್, ಪೌಂಡ್ ಸುರಿಯೋ ಮನಸ್ಸಿರಲಿಲ್ಲ. ಪ್ರಧಾನಿ ನೆಹರೂ ಅವರೇ ಜೆ.ಆರ್.ಡಿ. ಟಾಟಾ ಅವರಿಗೆ ಇಲ್ಲೇ ತಯಾರಿಸಿ ಅಂತ ಹೇಳಿದರು ಅನ್ನೋ ಕಥೆ ಬಹಳ ಚಾಲ್ತಿಯಲ್ಲಿದೆ. ಏನೇ ಇರಲಿ, ಕೊಬ್ಬರಿ ಎಣ್ಣೆ, 501 ಬಾರ್ ಸೋಪು, ಹಮಾಮ್ ಮಾಡುತ್ತಿದ್ದ ಟಾಟಾ ಆಯಿಲ್ ಮಿಲ್ಸ್ ತನ್ನ ಅಂಗಸಂಸ್ಥೆಯಾಗಿ ಲ್ಯಾಕ್ಮೆ ಶುರುಮಾಡಿತು, ಫ್ರೆಂಚ್ ಸಂಸ್ಥೆಗಳ ಸಹಯೋಗದಲ್ಲಿ. ಹೆಸರು ಫ್ರೆಂಚ್ ಸಂಗೀತಗಾರ ಲಿಯೋ ದೆಲೀಬ್‌ನ 1883ರ ಒಂದು ಗೀತನಾಟಕದ್ದು. ಆ ನಾಟಕ ನಡೆಯೋದು ಭಾರತದಲ್ಲಿ; ನಾಯಕಿ ಒಬ್ಬ ಅರ್ಚಕನ ಮಗಳು ಲ್ಯಾಕ್ಮೆ. ಅಂದ್ರೆ ಲಕ್ಷ್ಮಿ! ಪ್ಯಾರಿಸ್‌ಗೆ ಹೋಗಿ ಉಚ್ಚಾರ ಬದಲಿಸಿಕೊಂಡು ಬಂದ ನಮ್ಮನೆ ಲಕ್ಷ್ಮಿ. ಆ ಕಂಪನಿಯನ್ನ ಬೆಳೆಸಿದ್ದು ಜಿನೀವಾದಲ್ಲಿ ಹುಟ್ಟಿ, ನವಲ್ ಟಾಟಾ ಅವರನ್ನ ಮದುವೆಯಾಗಿ ಬಂದ ಸಿಮೋನ್ ಟಾಟಾ. 1960ರ ದಶಕದ ಆರಂಭದಲ್ಲಿ ಆಡಳಿತಕ್ಕೆ ಸೇರಿ, 1982ರಲ್ಲಿ ಅಧ್ಯಕ್ಷೆಯಾದರು.

1962ರಲ್ಲಿ ಇನ್ನೊಂದು ಮುಖ್ಯ ಸಂಗತಿ ನಡೀತು. 1940ರ ಔಷಧ ಕಾಯ್ದೆಗೆ ತಿದ್ದುಪಡಿ ತಂದು ಸೌಂದರ್ಯವರ್ಧಕಗಳನ್ನೂ ಸೇರಿಸಲಾಯಿತು. ಅಗ್ಗದ ಲಿಪ್‌ಸ್ಟಿಕ್ ವಿಷಯದಲ್ಲಿ ಇದು ದೊಡ್ಡ ಮಾತು. ಯಾಕಂದ್ರೆ ತುಟಿಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತೆ. ನಮ್ಮ ನಿಯಮಗಳ ಪ್ರಕಾರ, ಬಳಸುವ ಬಣ್ಣದಲ್ಲಿ ಸೀಸ 10 ಲಕ್ಷ ಭಾಗಕ್ಕೆ 20 ಭಾಗ ಮೀರಬಾರದು, ಆರ್ಸೆನಿಕ್ 2 ಭಾಗ ಮೀರಬಾರದು. ಲಿಪ್‌ಸ್ಟಿಕ್‌ಗೆಂದೇ ಐಎಸ್ 9875 ಅನ್ನೋ ಮಾನದಂಡ ಇದೆ. ಸಂತೆಯಲ್ಲಿ ಹೆಸರು, ಬ್ಯಾಚ್ ನಂಬರು, ತಯಾರಿಕಾ ಲೈಸೆನ್ಸ್ ನಂಬರು ಏನೂ ಇಲ್ಲದ ಕಡ್ಡಿ ಸಿಕ್ಕರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಅಲ್ಲೇ ಬಿಟ್ಟುಬಿಡಿ. ಅಗ್ಗ ಅನ್ನೋದು ಬೇರೆ, ಅನಾಮಧೇಯ ಅನ್ನೋದು ಬೇರೆ.

ಈಗ ಅತ್ತೆಯ ಕಥೆ.

ಅತ್ತೆಯ ಗಂಡ ಟೆಲಿಫೋನ್ ಇಲಾಖೆಯಲ್ಲಿದ್ದರು. 1978ರಲ್ಲಿ ತೀರಿಕೊಂಡರು. ಅತ್ತೆಗೆ ಆಗ 29 ವರ್ಷ. ಅನುಕಂಪದ ಆಧಾರದ ಮೇಲೆ ಅವರಿಗೇ ಆಪರೇಟರ್ ಕೆಲಸ ಸಿಕ್ಕಿತು. ನಮ್ಮ ಮನೆಗೇ ಬಂದು ಇದ್ದರು. ಟ್ರಂಕ್ ಕಾಲ್‌ಗಳ ಕಾಲ ಅದು. ಕಿವಿಗೆ ಹೆಡ್‌ಫೋನ್, ಮುಂದೆ ವೈರುಗಳ ಬೋರ್ಡು. ಊರಿನ ಎಷ್ಟೋ ಜನಕ್ಕೆ ಅವರ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಅವರ ಬ್ಯಾಗಿನಲ್ಲಿ ಒಂದು ಲಿಪ್‌ಸ್ಟಿಕ್ ಇತ್ತು. ಮನೆಯಲ್ಲಿ ಹಚ್ಚುತ್ತಿರಲಿಲ್ಲ. ಎಕ್ಸ್‌ಚೇಂಜಿಗೆ ಹೋದ ಮೇಲೆ ಒಂದೆಳೆ ಹಚ್ಚಿ, ಕರವಸ್ತ್ರದಲ್ಲಿ ಒತ್ತಿ ಒರೆಸಿ, ಉಳಿದಷ್ಟು ಕೆಂಪಿನಲ್ಲಿ ಕೆಲಸ ಮಾಡ್ತಿದ್ದರು. ನನಗೆ ಗೊತ್ತಾಗಿದ್ದು, ಶಾಲೆಗೆ ರಜೆ ಇದ್ದಾಗ ಒಂದು ದಿನ ನನ್ನನ್ನ ಜೊತೆಗೆ ಕರಕೊಂಡು ಹೋದಾಗ. “ಯಾರೂ ನೋಡಲ್ವಲ್ಲ ಅತ್ತೆ, ಯಾಕೆ ಹಚ್ಕೊಳ್ತೀರಿ?” ಅಂತ ಕೇಳಿದೆ. “ಮಾತು ಸರಿಯಾಗಿ ಬರುತ್ತೆ ಪುಟ್ಟಿ” ಅಂದರು. ಆಗ ಅರ್ಥ ಆಗಿರಲಿಲ್ಲ.

1985. ನಾನು ನಾಲ್ಕನೇ ಕ್ಲಾಸು. ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಸೀಮಂತ. ಅತ್ತೆ ಬೆಳಿಗ್ಗೆ ಪಾಳಿ ಮುಗಿಸಿ ನೇರ ಅಲ್ಲಿಗೆ ಬಂದಿದ್ದರು. ತುಟಿ ಪೂರ್ತಿ ಒರೆಸಿಕೊಳ್ಳೋಕೆ ಮರೆತಿದ್ದರು ಅನ್ಸುತ್ತೆ. ನಡುಮನೆಯಲ್ಲಿ ಹೆಂಗಸರೆಲ್ಲ ಕೂತಿದ್ದಾಗ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, “ಏನೇ, ಎಲೆ ಅಡಿಕೆ ಹಾಕ್ಕೊಂಡಿದ್ದೀಯಾ?” ಅಂದರು.

ಗಂಡ ಸತ್ತವಳು ತಾಂಬೂಲ ಹಾಕಬಾರದು ಅನ್ನೋ ಕಟ್ಟಳೆ ಆ ಮನೆಗಳಲ್ಲಿ ಆಗಿನ್ನೂ ಗಟ್ಟಿಯಾಗಿತ್ತು. ಅದು ಪ್ರಶ್ನೆ ಅಲ್ಲ, ಆರೋಪ. ಅಷ್ಟು ನನಗೂ ಗೊತ್ತಾಯ್ತು. ಅತ್ತೆಯನ್ನ ಕಾಪಾಡಬೇಕು ಅನ್ನಿಸಿತು. ಎದ್ದು ನಿಂತು ಜೋರಾಗಿ ಹೇಳಿದೆ: “ಇಲ್ಲ, ಅತ್ತೆ ಎಲೆ ಅಡಿಕೆ ಹಾಕಿಲ್ಲ. ಅದು ಲಿಪ್‌ಸ್ಟಿಕ್ಕು. ಬ್ಯಾಗಲ್ಲಿದೆ.”

ಯಾರೂ ಮಾತಾಡಲಿಲ್ಲ. ಅಜ್ಜಿ ತಲೆ ತಗ್ಗಿಸಿದರು. ಅತ್ತೆ ಸೆರಗಿನ ತುದಿ ತಗೊಂಡು ತುಟಿ ಒರೆಸಿಕೊಂಡರು. ತಿಳಿನೀಲಿ ಸೀರೆ. ಅದರ ಮೇಲೆ ಕೆಂಪು ಕಲೆ. ಬಸ್ಸಿನಲ್ಲಿ ವಾಪಸ್ ಬರುವಾಗ ಯಾವತ್ತಿನ ಹಾಗೇ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಬೈಯಲಿಲ್ಲ. ಅವತ್ತೂ ಬೈಯಲಿಲ್ಲ, ಆಮೇಲೂ ಆ ಮಾತು ಎತ್ತಲಿಲ್ಲ. ಅವರ ತುಟಿ ಮೇಲೆ ಮತ್ತೆ ಕೆಂಪು ಕಾಣಲಿಲ್ಲ. ನನ್ನಿಂದ ಬಿಟ್ಟರು ಅಂತಲೇ ನಾನು ನಲವತ್ತು ವರ್ಷ ಅಂದುಕೊಂಡಿದ್ದೆ.

ಬಣ್ಣಗಳ ಚರಿತ್ರೆಗೆ ವಾಪಸ್ ಬರ್ತೀನಿ, ಯಾಕಂದ್ರೆ ಉತ್ತರ ಅಲ್ಲಿದೆ.

ಕಪಾಟಿನಲ್ಲಿ ಕಂಡ ಬಣ್ಣ ತುಟಿ ಮೇಲೆ ಯಾಕೆ ಬೇರೆ ಆಗುತ್ತೆ? ಲಿಪ್‌ಸ್ಟಿಕ್ ಗೋಡೆಗೆ ಬಳಿದ ಪೇಂಟ್ ಅಲ್ಲ; ಬಹುಪಾಲು ಬಣ್ಣಗಳು ಅರೆಪಾರದರ್ಶಕ. ಕೆಳಗಿನ ತುಟಿಯ ಬಣ್ಣವೂ ಸೇರಿಯೇ ಕಾಣೋದು. ತೆಳುಗುಲಾಬಿ, ಪೀಚ್‌ನಂಥ ತಿಳಿಬಣ್ಣ ಬರಬೇಕಾದರೆ ಅದಕ್ಕೆ ಬಿಳಿ ಸೇರಿಸ್ತಾರೆ, ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ಬಿಳಿ ಚರ್ಮದ, ಗುಲಾಬಿ ತುಟಿಯ ಮೇಲೆ ಅದು ‘ನ್ಯಾಚುರಲ್’. ಕಂದು ತುಟಿಯ ಮೇಲೆ ಅದೇ ಬಿಳಿ ಎದ್ದು ಕಾಣುತ್ತೆ, ವಿಭೂತಿ ಬಳಿದ ಹಾಗೆ. ಹೊರಗಿನ ಶೇಡ್ ಕಾರ್ಡನ್ನೇ ಆಧಾರ ಮಾಡಿಕೊಂಡ ಅಂಗಡಿಯಲ್ಲಿ ನಮ್ಮಂಥವರಿಗೆ ಉಳಿಯುತ್ತಿದ್ದದ್ದು ಎರಡೇ ದಾರಿ: ಎದ್ದು ಕಾಣುವ ಕೆಂಪು, ಇಲ್ಲಾ ಬೂದಿ ಬಣ್ಣದ ಸಹಜ.

ಅಮೆರಿಕದ ಕಪ್ಪು ಹೆಂಗಸರಿಗೂ ಇದೇ ಕಷ್ಟ ಇತ್ತು. ‘ಎಬನಿ’ ಪತ್ರಿಕೆ ನಡೆಸುತ್ತಿದ್ದ ಜಾನ್ಸನ್ ದಂಪತಿ ಊರೂರಿಗೆ ಫ್ಯಾಷನ್ ಶೋ ಒಯ್ಯುತ್ತಿದ್ದಾಗ, ಅದರ ರೂಪದರ್ಶಿಯರು ತಮ್ಮ ಚರ್ಮಕ್ಕೆ ಹೊಂದುವ ಬಣ್ಣ ಸಿಗದೆ ಎರಡು ಮೂರು ಬಣ್ಣ ತಾವೇ ಕಲಸಿಕೊಳ್ಳುತ್ತಿದ್ದರು. ಯೂನಿಸ್ ಜಾನ್ಸನ್ ಇದನ್ನ ಗಮನಿಸಿದರು. ದೊಡ್ಡ ಕಂಪನಿಗಳು ಇಂಥ ಬಣ್ಣ ತರೋಕೆ ಒಪ್ಪದಿದ್ದಾಗ 1973ರಲ್ಲಿ ದಂಪತಿಯೇ ‘ಫ್ಯಾಷನ್ ಫೇರ್’ ಶುರುಮಾಡಿದರು. ಸಹಜ ಅನ್ನೋ ಪದಕ್ಕೆ ಒಂದಕ್ಕಿಂತ ಹೆಚ್ಚು ಬಣ್ಣ ಇದೆ ಅಂತ ಅಂಗಡಿಯಲ್ಲೇ ಸಾಬೀತಾಯ್ತು.

ನಮ್ಮಲ್ಲಿ ಕಪಾಟು ಬದಲಾದದ್ದು 1991ರ ಆರ್ಥಿಕ ಉದಾರೀಕರಣದ ಮೇಲೆ. 1995ರಲ್ಲಿ ರೆವ್ಲಾನ್ ಭಾರತಕ್ಕೆ ಬಂತು. 1996ರಲ್ಲಿ ಲ್ಯಾಕ್ಮೆ ಹಿಂದೂಸ್ತಾನ್ ಲಿವರ್ ಜೊತೆ ಕೈಜೋಡಿಸಿತು, 1998ರ ಹೊತ್ತಿಗೆ ಪೂರ್ತಿ ಅವರದಾಯ್ತು. ಕಾಲೇಜು ಹುಡುಗಿಯರಿಗೆಂದೇ ಎಲ್ 18 ಬಂತು. ಆ ದಶಕದ ಫ್ಯಾಷನ್ನಿನ ಗಾಳಿಯಲ್ಲಿ ಬಂದ ಒಂದು ಬಣ್ಣ ನಮ್ಮ ತುಟಿಗಳಿಗೆ ಸರಿಯಾಗಿ ಕೂತಿತು: ಕಂದು. ಕಾಫಿ, ಚಾಕೊಲೇಟ್, ಇಟ್ಟಿಗೆ, ದಾಲ್ಚಿನ್ನಿ ಅಂತ ನೂರೆಂಟು ಹೆಸರು. ಈ ಕಂದಿನ ಒಳಗಿರೋದು ಮುಖ್ಯವಾಗಿ ಕಬ್ಬಿಣದ ಆಕ್ಸೈಡು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೆಮ್ಮಣ್ಣಿಗೆ ಕೆಂಪು ಕೊಡುವ ವಸ್ತು. ಹಬ್ಬಕ್ಕೆ ಗೋಡೆಯಂಚಿಗೆ ಬಳಿಯುತ್ತಿದ್ದೆವಲ್ಲ, ಸಂಡೂರಿನ ರಸ್ತೆಯಲ್ಲಿ ಲಾರಿ ಹೋದರೆ ಮೈಮೇಲೆ ಕೂರುತ್ತಲ್ಲ, ಅದೇ. ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಾಗಿ ಬರುತ್ತೆ, ಅಷ್ಟೇ.

ಈಗ ಈ ಐದರ ಹೋಲಿಕೆ. ಹಳೇ ಲಿಪ್‌ಸ್ಟಿಕ್ ತುಟಿಗೆ ಹಚ್ಚಬಾರದು. ಹಾಗಾಗಿ ಮುಂಗೈ ಒಳಭಾಗದಲ್ಲಿ ಐದು ಗೆರೆ ಎಳೆದೆ. ನನಗೆ ಅತ್ತೆಯದೇ ಬಣ್ಣ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದರು.

ಮೊದಲನೇ ಗೆರೆ ಕೆಂಪು. ಕುಂಕುಮಕ್ಕಿಂತ ಒಂದು ಪಟ್ಟು ಕಡು. ಲೋಹದ ಕೊಳವೆ, ಹೆಸರು ಅಳಿಸಿದೆ. ಸಾಲಿನಲ್ಲಿ ಅತಿ ಹಳೆಯದು ಇದೇ. ಅರ್ಧಕ್ಕೇ ನಿಂತಿದೆ. ಸೀಮಂತದ ದಿನದ್ದು ಇದೇ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯ್ತು.

ಎರಡನೇ ಗೆರೆ ಮಾಸಿದ ಗುಲಾಬಿ, ಒಳಗೆ ಸ್ವಲ್ಪ ನೇರಳೆ. ಪ್ಲಾಸ್ಟಿಕ್ ಕೊಳವೆ. ತಳದವರೆಗೂ ಖರ್ಚಾಗಿದೆ, ಕೊನೆಯಲ್ಲಿ ಬೆಂಕಿಕಡ್ಡಿಯಲ್ಲಿ ಕೆರೆದು ತೆಗೆದ ಗುರುತಿದೆ. ಗೆರೆ ಎಳೀಬೇಕಾದರೆ ನಾನೂ ಕಡ್ಡಿಯಲ್ಲೇ ತೆಗೀಬೇಕಾಯ್ತು.

ಮೂರನೇದು ಇಟ್ಟಿಗೆ ಕಂದು. ಸೆಲ್ಲೋಟೇಪ್ ಸುತ್ತಿದ್ದು ಇದಕ್ಕೇ. ಇದೂ ಹೆಚ್ಚುಕಡಿಮೆ ಖಾಲಿ. ನಾಲ್ಕನೇದು ಮೂರನೇದಕ್ಕೆ ಅಕ್ಕತಂಗಿಯ ಹಾಗಿದೆ, ಸ್ವಲ್ಪ ಗುಲಾಬಿಯ ಕಡೆಗೆ ವಾಲಿದೆ. ಅದರ ತಳದ ಚೀಟಿಯಲ್ಲಿ ತಯಾರಾದ ವರ್ಷ ಓದೋಕೆ ಆಗುತ್ತೆ: 2016. ಅತ್ತೆ ರಿಟೈರ್ ಆಗಿ ಎಷ್ಟೋ ವರ್ಷ ಆಗಿತ್ತು.

ಐದನೇದು ತಿಳಿ ಪೀಚ್. ಹೆಸರಲ್ಲೇ ‘ನ್ಯೂಡ್’ ಅಂತಿದೆ. ತುದಿ ಚೂಪಾಗಿದೆ, ಅಂಗಡಿಯಿಂದ ತಂದ ಹಾಗೇ. ಒಮ್ಮೆಯೂ ಹಚ್ಚಿಲ್ಲ. ಇದನ್ನ ಕೊಟ್ಟಿದ್ದು ನಾನು. ಬೆಂಗಳೂರಿನಲ್ಲಿ ಕೆಲಸ ಸಿಕ್ಕು ಸ್ವಲ್ಪ ವರ್ಷ ಆದ ಮೇಲೆ ಒಂದು ಯುಗಾದಿಗೆ ಕೊಟ್ಟಿದ್ದೆ. ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು. ನನ್ನ ಕೈ ಮೇಲೆ ಆ ಗೆರೆ ಈಗ ಸುಣ್ಣದ ಗೀಟಿನ ಹಾಗೆ ಕಾಣ್ತಿದೆ. ಅತ್ತೆಗೆ ಯಾವ ಬಣ್ಣ ಹೊಂದುತ್ತೆ ಅಂತ ಒಂದು ಸಲವೂ ಕೇಳದೆ ತಂದುಕೊಟ್ಟಿದ್ದೆ.

ಆಮೇಲೆ ಅತ್ತೆ ಮಾಡ್ತಿದ್ದ ಹಾಗೇ ಕರವಸ್ತ್ರದಲ್ಲಿ ಒತ್ತಿ ಒರೆಸಿದೆ. ಕೆಂಪು ಉಳೀತು. ಪೀಚ್ ಬೂದಿಯಾಗಿ ಉಳೀತು. ನಡುವಿನ ಮೂರು ಗೆರೆ ಕಾಣಲೇ ಇಲ್ಲ. ದೀಪದ ಹತ್ತಿರ ಹಿಡಿದು ಹುಡುಕಬೇಕಾಯ್ತು. ಚರ್ಮ ಒಂದಿಷ್ಟು ಕಳೆಕಟ್ಟಿದ ಹಾಗಿದೆ, ಅಷ್ಟೇ.

ಅತ್ತೆ ಬಿಟ್ಟಿರಲಿಲ್ಲ. ಬಣ್ಣ ಬದಲಿಸಿದ್ದರು. ಸೀಮಂತದ ಆಮೇಲೆ, ಫ್ಯಾನ್ಸಿ ಸ್ಟೋರಿನ ಕಪಾಟಿನ ಮುಂದೆ ನಿಂತು, ಮುಂಗೈ ಮೇಲೆ ಗೆರೆ ಎಳೆದು, ಒಂದರ ಪಕ್ಕ ಒಂದು ಹೋಲಿಸಿ, ಯಾರ ಕಣ್ಣಿಗೂ ಬೀಳದ, ತನಗೆ ಮಾತ್ರ ಗೊತ್ತಿರುವ ಬಣ್ಣವನ್ನ ಹುಡುಕಿಕೊಂಡಿದ್ದರು. ಮುಗಿದ ಮೇಲೆ ಮತ್ತೆ ಹುಡುಕಿದ್ದರು. 2016ರವರೆಗೂ.

ಇದು ಗೆಲುವಿನ ಕಥೆ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಆ ಕೆಂಪು ಅರ್ಧಕ್ಕೇ ನಿಂತಿದೆಯಲ್ಲ, ಅದು ನನ್ನ ಮುಂದೇ ಇದೆ. ಒಬ್ಬ ಹೆಂಗಸು ತನ್ನಿಷ್ಟದ ಬಣ್ಣವನ್ನ ಮೂವತ್ತು ವರ್ಷ ಬಚ್ಚಿಡಬೇಕಾಯ್ತು ಅನ್ನೋದು ಆಕೆಯ ಜಾಣತನ ಹೌದು, ನಮ್ಮೆಲ್ಲರ ನಾಚಿಕೆಯೂ ಹೌದು.

ಕೊನೆಗೊಂದು ಲೆಕ್ಕ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕುಂಕುಮ, ಬಿಂದಿ, ಸಿಂಧೂರ, ಅಲತೆಗೆ ತೆರಿಗೆ ಇರಲಿಲ್ಲ. ಲಿಪ್‌ಸ್ಟಿಕ್‌ಗೆ 28 ಪರ್ಸೆಂಟ್. ಅದೇ ನವೆಂಬರ್‌ನಲ್ಲಿ 18ಕ್ಕೆ ಇಳಿಸಿದರು. ಕುಂಕುಮ ಅಗತ್ಯ, ಲಿಪ್‌ಸ್ಟಿಕ್ ಶೋಕಿ ಅನ್ನೋ ಎಣಿಕೆ ಅದರ ಹಿಂದಿದೆ. ಆದರೆ ತೆರಿಗೆ ಇಲ್ಲದ ಕೆಂಪನ್ನ ಇಟ್ಟುಕೊಳ್ಳೋಕೆ ನಮ್ಮತ್ತೆಗೆ 29ನೇ ವಯಸ್ಸಿನಿಂದ ಯಾರೂ ಬಿಡಲಿಲ್ಲ. ಅವರಿಗೆ ಉಳಿದಿದ್ದು ತೆರಿಗೆ ಕಟ್ಟಿ ತರುವ ಕಂದು ಮಾತ್ರ.

ನಿಮ್ಮ ಮನೆಯಲ್ಲೂ ಅಮ್ಮ, ಅತ್ತೆ, ಚಿಕ್ಕಮ್ಮ, ಅಜ್ಜಿ ಇರಬಹುದು. ಅವರಿಗೆ ಏನಾದರೂ ತಂದುಕೊಡೋ ಮುಂಚೆ, ನಿಮಗೆ ಯಾವ ಬಣ್ಣ ಇಷ್ಟ ಅಂತ ಒಂದು ಸಲ ಕೇಳಿ. ನಾನು ಕೇಳಲಿಲ್ಲ.

ಕೈ ಮೇಲಿನ ಕೆಂಪು ಗೆರೆ ಇನ್ನೂ ಹೋಗಿಲ್ಲ. ಸೋಪು ಹಾಕಿ ತೊಳೀಬೇಕು. ಇವತ್ತು ಬೇಡ, ನಾಳೆ ತೊಳೀತೀನಿ.